ಕೈ ಇಲ್ಲದ ದನಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಚಂಪಾ ತನಗೆ ಹೊಟ್ಟೆ ನೋಯುತ್ತಿದೆ ಎಂದು ಅವ್ವನಿಗೆ ಹೇಳಿದಳು. ಬೆಟಗೇರಿಯ ಆ ಮನೆಯಿಂದ ಅವ್ವ ಆಗ ಅರವತ್ತು ಕಿಲೋಮೀಟರ್ ದೂರದಲ್ಲಿ, ಹುಬ್ಬಳ್ಳಿಯ ಹೊರಗಿನ ವಿದ್ಯುತ್ ನಿಯಂತ್ರಣ ಕೇಂದ್ರದಲ್ಲಿ ಇದ್ದಳು. ಅವಳಿಗೆ ಏನೂ ಕೇಳಿಸಲಿಲ್ಲ. ಆದರೆ ಅವ್ವನ ದನಿ ಉತ್ತರ ಕೊಟ್ಟಿತು.

“ಹೌದಾ ಕಂದಾ? ಪಾಪ. ಇದೊಂದು ಲೆಕ್ಕ ಮುಗಿಸಿಬಿಡು, ಆಮೇಲೆ ನೋಡೋಣ. ಮೂವತ್ತೆರಡರಲ್ಲಿ ಹದಿನೈದು ಕಳೆದರೆ ಎಷ್ಟು?”

“ಹದಿನೇಳು,” ಎಂದಳು ಏಳು ವರ್ಷದ ಚಂಪಾ.

“ಶಭಾಷ್! ಜಾಣಮರಿ!”

ಉತ್ತರ ಸರಿಯಿತ್ತು. ಪಾಠ ಮುಂದುವರಿಯಿತು.

ಆ ವರ್ಷದ ಸೋಂಕಿಗೆ ಒಂದು ವಿಚಿತ್ರ ಸ್ವಭಾವವಿತ್ತು. ಸಣ್ಣ ಮಕ್ಕಳಿಗೆ ಅದು ಬಂದರೆ ಎರಡು ದಿನ ಮೂಗು ಸೋರಿ ಹೋಗುತ್ತಿತ್ತು. ಆ ಮಕ್ಕಳಿಂದ ದೊಡ್ಡವರಿಗೆ ಹತ್ತಿದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಹಾಗಾಗಿ ಎಲ್ಲಕ್ಕಿಂತ ಮೊದಲು ಶಾಲೆಗಳು ಮುಚ್ಚಿದವು. ಮನೆ ಬಿಟ್ಟು ಬೀದಿಗೆ ಬಂದವರನ್ನು ಪೊಲೀಸರು ಹೊಡೆದು ಓಡಿಸತೊಡಗಿದರು. ಆಮೇಲೆ, ಯಾರಿಲ್ಲದೆ ಊರು ನಡೆಯುವುದಿಲ್ಲವೋ ಅಂಥವರನ್ನು, ಅಂದರೆ ವಿದ್ಯುತ್ತು, ನೀರು, ಆಸ್ಪತ್ರೆಯ ಸಿಬ್ಬಂದಿಯನ್ನು, ಅವರ ಮಕ್ಕಳಿಂದ ಬೇರ್ಪಡಿಸಿದರು. ಸರಕಾರಿ ಆದೇಶದಲ್ಲಿ ಅದಕ್ಕೆ ‘ಒಳವಾಸ’ ಎಂಬ ಹೆಸರಿತ್ತು. ಕೆಲಸದ ಜಾಗದಲ್ಲೇ ಮಂಚ, ಅಲ್ಲೇ ಊಟ, ಸಂಜೆ ಮನೆಗೆ ಒಂದು ಫೋನು. ಗೇಟು ದಾಟಿ ಹೋದವರನ್ನು ಸೋಂಕು ಇಳಿಯುವ ತನಕ ಮತ್ತೆ ಒಳಗೆ ಬಿಡುತ್ತಿರಲಿಲ್ಲ.

ಇದರ ಬೆನ್ನಿಗೇ ಮನೆದನಿ ಯೋಜನೆ ಬಂತು. ಒಳವಾಸಕ್ಕೆ ಹೋಗುವ ಮುಂಚೆ ತಾಯಿ ಅಥವಾ ತಂದೆ ಒಂದು ತಾಸು ಮೈಕಿನ ಮುಂದೆ ಕುಳಿತು ಮಾತಾಡಬೇಕು. ಆ ಒಂದು ತಾಸಿನ ದನಿಯಿಂದ ಗಣಕಕೇಂದ್ರದ ಯಂತ್ರಗಳು ಬೇಕಾದ ವಾಕ್ಯವನ್ನು ಅದೇ ದನಿಯಲ್ಲಿ ಆಡಬಲ್ಲವಾಗಿದ್ದವು. ಮನೆಗೆ ಒಂದು ಡಬ್ಬಿ ಬರುತ್ತಿತ್ತು, ಕುಕ್ಕರಿನ ಮುಚ್ಚಳದಷ್ಟು ಅಗಲ. ಅದು ಮಾತಾಡುತ್ತಿತ್ತು, ಕೇಳಿಸಿಕೊಳ್ಳುತ್ತಿತ್ತು. ನೋಡುತ್ತಿರಲಿಲ್ಲ. ಮಕ್ಕಳ ಕೋಣೆಯಲ್ಲಿ ಕ್ಯಾಮರಾ ಬೇಡವೆಂದು ಒಂದು ಸಮಿತಿ ಹೇಳಿತ್ತು. ಅದು ಸರಿಯಾದ ಮಾತೇ ಆಗಿತ್ತು. ಪರಿಣಾಮವಾಗಿ, ಮಗುವಿನ ಬಗ್ಗೆ ಡಬ್ಬಿಗೆ ಗೊತ್ತಾಗುವುದೆಲ್ಲ ಮಗು ಆಡಿದ ಮಾತಿನಿಂದ ಮಾತ್ರ ಗೊತ್ತಾಗಬೇಕಿತ್ತು.

ಮಗುವಿನ ಮಾತನ್ನು ಯಂತ್ರ ನಾಲ್ಕು ಬಗೆಯಾಗಿ ವಿಂಗಡಿಸುತ್ತಿತ್ತು: ಉತ್ತರ, ಸಂಶಯ, ಹರಟೆ, ನೆಪ. ಉತ್ತರವಾದರೆ ಮೆಚ್ಚುಗೆ, ಸಂಶಯವಾದರೆ ವಿವರಣೆ, ಹರಟೆಯಾದರೆ ಒಂದು ನಗು. ನೆಪವಾದರೆ ಒಂದು ಸಮಾಧಾನದ ಮಾತು ಹೇಳಿ ಲೆಕ್ಕಕ್ಕೆ ಮರಳುವುದು. ಮನೆಯವರಿಗೆ ಅದನ್ನು ತಿಳಿಸುತ್ತಿರಲಿಲ್ಲ. ಮೊದಲು ಡಬ್ಬಿ ಗಂಟೆ ಬಾರಿಸಿ ತಿಳಿಸುತ್ತಿತ್ತು. ಆಗ ಅಪ್ಪಂದಿರು, ಅಜ್ಜಿಯರು ಓಡಿಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಜಿಲ್ಲೆಗಳಿಗೆ ಅಂಕ ಸಿಗುತ್ತಿದ್ದದ್ದು ‘ಪಾಠದ ನಿರಂತರತೆ’ಗೆ. ಅಂಕ ಬೀಳತೊಡಗಿದಾಗ ತಿಳಿಸುವುದನ್ನು ನಿಲ್ಲಿಸಿದರು. ಪಾಠದ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿರಬೇಕು ಎಂದರು. ಇದು ಯಂತ್ರ ಎಂದು ಹೇಳಿ ಮಕ್ಕಳ ನಂಬಿಕೆ ಒಡೆಯಬೇಡಿ ಎಂದೂ ಹೇಳಿದರು. ಟೀವಿಯಲ್ಲಿ ಜಾಹೀರಾತು ಬರುತ್ತಿತ್ತು: “ಅಮ್ಮ ದೂರ ಹೋಗಿಲ್ಲ, ಇಲ್ಲೇ ಇದ್ದಾಳೆ.”

ಚಂಪಾ ಅದನ್ನು ನಂಬಿದಳು. ಸರಕಾರ ಹೇಳಿದ್ದನ್ನು ನಂಬಿದ ಬೇರೆಯವರಿಗೂ ಅವಳಿಗೂ ಇದ್ದ ವ್ಯತ್ಯಾಸವೆಂದರೆ ಅವಳಿಗೆ ಏಳು ವರ್ಷವಾಗಿತ್ತು.

ಚಂಪಾಳ ಅವ್ವ ಕಸ್ತೂರಿ ಮುಳಗುಂದ, ನಿಯಂತ್ರಣ ಕೇಂದ್ರದಲ್ಲಿ ಸಹಾಯಕ ಎಂಜಿನಿಯರು. ಅಪ್ಪ ಶಿವಯೋಗಿ ಪವರ್‌ಲೂಮುಗಳ ಮೆಕ್ಯಾನಿಕ್ಕು. ಮಗ್ಗಗಳೆಲ್ಲ ನಿಂತಿದ್ದರಿಂದ ಅವನು ಮನೆಯಲ್ಲಿದ್ದ. ಅನ್ನ, ಸಾರು, ನಾಲ್ಕು ವರ್ಷದ ಮಗ ಅಲ್ಲಮನ ಹಿಂದೆ ಓಟ, ಎಲ್ಲ ಅವನದೇ. ಅಂದು ಮಧ್ಯಾಹ್ನ ಚಂಪಾ ತಾಟಿನಲ್ಲಿ ರೊಟ್ಟಿ ಹಾಗೇ ಬಿಟ್ಟಳು.

“ಯಾಕ ಚಂಪವ್ವಾ, ನಾ ಬಡದ ರೊಟ್ಟಿ ದುಂಡಗಿಲ್ಲ, ನಕಾಶಿ ಆಗ್ಯಾವಂತ ಬ್ಯಾಡೇನು?”

“ಹೊಟ್ಟಿ ನೋಸ್ತೈತಿ.”

“ಎಲ್ಲಿ? ಬಾ ಇಲ್ಲೆ.”

“ಅವ್ವಗ ಹೇಳೇನಿ,” ಎಂದಳು ಚಂಪಾ. “ಆಮ್ಯಾಲೆ ನೋಡೂಣು ಅಂದಾಳ.”

ಅಷ್ಟರಲ್ಲಿ ಅಲ್ಲಮ ನೀರಿನ ಕೊಡ ಉರುಳಿಸಿದ. ಶಿವಯೋಗಿ ಅತ್ತ ಓಡಿದ. ಬಂದು ಅಜವಾನ ಕುದಿಸಿದ ನೀರು ಕುಡಿಸಿದ. ಕಸ್ತೂರಿಗೆ ಗೊತ್ತಾಗಿದೆ ಎಂದ ಮೇಲೆ ಅವನಿಗೆ ಅರ್ಧ ಧೈರ್ಯ. ಮಕ್ಕಳ ಕೆಮ್ಮು, ಜ್ವರ, ಭೇದಿಯ ವಿಷಯದಲ್ಲಿ ಆ ಮನೆಯಲ್ಲಿ ಕೊನೆಯ ಮಾತು ಅವಳದು. ಮಗಳು ಹೇಳಿದ ‘ಅವ್ವ’ ಯಾವ ಅವ್ವ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅಂಥ ಪ್ರಶ್ನೆಯನ್ನು ಅದಕ್ಕೂ ಮುಂಚೆ ಯಾವ ಅಪ್ಪನೂ ಕೇಳಬೇಕಾಗಿ ಬಂದಿರಲಿಲ್ಲ.

ಸಂಜೆಯ ಫೋನು ಬಂದಾಗ ಕಸ್ತೂರಿ ಪರದೆಯ ಮುಂದೆಯೇ ಇದ್ದಳು. ಒಳವಾಸದಲ್ಲಿ ಜನ ಕಡಿಮೆ. ಎದ್ದು ಹೋಗಿ ಮಾತಾಡುವ ಸೌಕರ್ಯ ಇರಲಿಲ್ಲ. ವಿದ್ಯುತ್ ಜಾಲದ ಮಿಡಿತ ಐವತ್ತು ಹರ್ಟ್ಸಿನ ಆಸುಪಾಸಿನಲ್ಲೇ ನಿಲ್ಲಬೇಕು. ಕಾರ್ಖಾನೆಗಳು ಮುಚ್ಚಿ, ಮನೆಗಳೆಲ್ಲ ಒಮ್ಮೆಗೇ ದೀಪ ಹಚ್ಚುವ ಆ ದಿನಗಳಲ್ಲಿ ಸಂಜೆ ಅದು ಜಾರುತ್ತಿತ್ತು. ಅವಳು ಒಂದು ಕಿವಿಗೆ ಫೋನು ಸಿಕ್ಕಿಸಿಕೊಂಡು ಕಣ್ಣನ್ನು ಅಂಕಿಗಳ ಮೇಲೆ ಇಟ್ಟಿದ್ದಳು.

“ಏನ್ ಮಾಡಾಕತ್ತೀಯ ಹುಚ್ಚಿ? ಉಂಡೀ?”

“ಇಲ್ಲ.”

“ಯಾಕ? ಮತ್ತ ಶುರು ಮಾಡಿದಿ ನಾಟಕಾ?”

“ನಿನಗ ಹೇಳಿದ್ನೆಲ್ಲ.”

“ನನಗ ಏನ್ ಹೇಳಿದ್ದಿ?”

ಚಂಪಾ ಸಿಟ್ಟಿನಿಂದ ಹೇಳಿದಳು: “ಹೋಗ. ನೀ ಬರೇ ಲೆಕ್ಕಾ ಮಾಡು ಅಂತೀ. ಫೋನ್‌ದಾಗ ಒಂದಂತೀ, ಅಲ್ಲೆ ಒಂದಂತೀ. ಅಲ್ಲೇರ ಚಲೋ ಮಾತಾಡ್ತೀ.”

ಮಿಡಿತ 49.87ಕ್ಕೆ ಇಳಿಯಿತು. ಶರಾವತಿಯ ಕಡೆಯಿಂದ ಹೆಚ್ಚು ಉತ್ಪಾದನೆ ಕೇಳಬೇಕಿತ್ತು. “ಸಿಟ್ಟ್ ಮಾಡಬ್ಯಾಡ ನನ್ನ ಬಂಗಾರಾ, ನಾಳೆ ಮಾತಾಡೂಣು,” ಎಂದು ಕಸ್ತೂರಿ ಫೋನಿಟ್ಟಳು. ಡಬ್ಬಿಯ ಅವ್ವ ತನಗಿಂತ ಚೆನ್ನಾಗಿ ಮಾತಾಡುತ್ತಾಳೆ ಎಂಬ ಮಾತು ಅವಳನ್ನು ಚುಚ್ಚಿತು. ರಾತ್ರಿಯ ಊಟದ ಹೊತ್ತಿಗೂ ಅದೇ ಚುಚ್ಚುತ್ತಿತ್ತು. ಅದಕ್ಕಿಂತ ಮೊದಲು ಚಂಪಾ ಅಂದ ‘ನಿನಗ ಹೇಳಿದ್ನೆಲ್ಲ’ ಎಂಬ ಮಾತನ್ನು ಅವಳು ಯೋಚಿಸಲಿಲ್ಲ.

ಮರುದಿನ ಮಧ್ಯಾಹ್ನ ಹಿರೇಕೊಪ್ಪದ ಉಪಕೇಂದ್ರದಿಂದ ಅಲಾರಂ ಬರತೊಡಗಿತು. ಟ್ರಾನ್ಸ್‌ಫಾರ್ಮರಿನ ಎಣ್ಣೆ ಕಾದಿದೆ ಎಂದು ಅದು ಹೇಳುತ್ತಿತ್ತು. ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಪಕ್ಕದ ಕುರ್ಚಿಯಲ್ಲಿದ್ದ ಇಮ್ತಿಯಾಜ್ ಕಿತ್ತೂರ ಎಂಬ ಹುಡುಗ ಈ ಕೇಂದ್ರಕ್ಕೆ ಬಂದು ಒಂದು ವರ್ಷವಾಗಿತ್ತು. ಅವನು ಆ ಅಲಾರಮ್ಮನ್ನು ಬದಿಗೆ ಸರಿಸಿ ಬಾಯಿ ಮುಚ್ಚಿಸಿದ.

“ಯಾಕ ತಗದ್ಯೋ ಅದನ್ನ?”

“ಸುಳ್ಳ ಅಲಾರಂರೀ ಮೇಡಂ. ವೈರ್ ಸಡಲ ಆಗಿರಬೇಕು.”

“ಸುಳ್ಳಂತ ಯಾರು ನೋಡ್ಯಾರ?”

“ದಿನಾ ಬರ್ತೈತ್ರೀ ಅದು. ಮೊನ್ನೆನೂ ಬಂದಿತ್ತು.”

“ದಿನಾ ಬಂದ್ರ ದಿನಾ ಹೋಗಿ ನೋಡಬೇಕು. ನಿನಗ ಮೊದಲನೆ ದಿನಾನ ಹೇಳೇನಿಲ್ಲ? ಈ ಖೋಲ್ಯಾಗ ಯಾವ ಅಲಾರಮ್ಮೂ ಕುರ್ಚಿ ಮ್ಯಾಲೆ ಕುಂತು ಸುಳ್ಳ ಆಗೂದಿಲ್ಲ. ಮನಶಾ ಹೋಗಬೇಕು, ಕೈ ಇಟ್ಟು ನೋಡಬೇಕು, ಆಮ್ಯಾಲೆ ಸುಳ್ಳ.”

ಇಮ್ತಿಯಾಜ್ ಉಪಕೇಂದ್ರಕ್ಕೆ ಫೋನು ಮಾಡಲು ಎದ್ದ. ಕಸ್ತೂರಿ ಅಲ್ಲೇ ಕುಳಿತಿದ್ದಳು. ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೆ ಬಿದ್ದಂತಾಯಿತು. ದಿನಾ ಬರುತ್ತದೆ. ಮೊನ್ನೆಯೂ ಬಂದಿತ್ತು. ನಿನಗೆ ಹೇಳಿದೆನಲ್ಲ.

ದನಿ ಮುದ್ರಿಸಿಕೊಳ್ಳಲು ಬಂದಿದ್ದ ಹುಡುಗಿ ಕೊನೆಗೆ ಕೇಳಿದ್ದ ಪ್ರಶ್ನೆ ನೆನಪಾಯಿತು. “ಪಾಠ ತಪ್ಪಿಸೋಕೆ ನಿಮ್ಮ ಮಗು ಸಾಮಾನ್ಯವಾಗಿ ಏನು ಹೇಳುತ್ತೆ ಮೇಡಂ?” ಕಸ್ತೂರಿ ಗಹಗಹಿಸಿ ನಕ್ಕಿದ್ದಳು. “ಅಯ್ಯ, ಅಕೀದೊಂದ ನಾಟಕ. ಹೊಟ್ಟಿನೋವು! ಪಾಠ ಅಂದಕೂಡ್ಲೆ ಹೊಟ್ಟಿನೋವು, ಮಾವಿನಹಣ್ಣ ಅಂದಕೂಡ್ಲೆ ಆರಾಮ.” ಹುಡುಗಿಯೂ ನಕ್ಕಿದ್ದಳು. ಮೈಕು ಚಾಲೂ ಇತ್ತು.

ಫೋನಿನ ಹೊತ್ತು ಅದಾಗಿರಲಿಲ್ಲ. ಕಸ್ತೂರಿ ಮಾಡಿದಳು.

“ಚಂಪಾ ಹೆಂಗದಾಳ?”

“ಈಗ ಆರಾಮ ಅಂತಾಳ,” ಎಂದ ಶಿವಯೋಗಿ. “ನಿನ್ನೆಯಿಂದ ನರಳಾಕತ್ತಿದ್ಲು, ರಾತ್ರಿ ವಾಂತಿನೂ ಆತು. ಮಧ್ಯಾಹ್ನ ಪಾಠ ಮುಗಿಯೂದ್ರಾಗ ನೋವು ನಿಂತತಂತ. ಮಲಗ್ಯಾಳ. ನಿನಗ ಗೊತ್ತೈತೆಲ್ಲ?”

“ಯಾರಿಗೆ ಗೊತ್ತೈತಿ?”

“ನಿನಗ. ಅವ್ವಗ ಹೇಳೇನಿ ಅಂದ್ಲು.”

ಕಸ್ತೂರಿ ಕುರ್ಚಿಯಿಂದ ಎದ್ದಳು. “ನನಗ ಯಾರೂ ಹೇಳಿಲ್ಲ. ಹೋಗ್ರಿ. ಹೊಟ್ಟಿ ಮ್ಯಾಲೆ ಕೈ ಇಡ್ರಿ. ಬಲಗಡೆ ಕೆಳಗ.”

ಫೋನಿನಲ್ಲಿ ಚಪ್ಪಲಿ ಸದ್ದು, ಬಾಗಿಲು ತೆರೆದ ಸದ್ದು, ಅಲ್ಲಮನ ಕಿರುಚು. ಆಮೇಲೆ ಚಂಪಾಳ ಒಂದು ಕೂಗು.

“ಹಲಗಿ ಆಗೇತಿ,” ಎಂದ ಶಿವಯೋಗಿ. ಅವನ ದನಿ ಬದಲಾಗಿತ್ತು. “ಮೈ ಸುಡಾಕತ್ತೇತಿ. ಕಸ್ತೂರೀ, ಹೊಟ್ಟಿ ಹಲಗಿ ಆಗೇತಿ.”

“ಎತ್ತಿಕೊಂಡು ನಡೀರಿ. ಅಂಬ್ಯುಲೆನ್ಸ್ ಹಾದಿ ಕಾಯಬ್ಯಾಡ್ರಿ. ಸೈಕಲ್ ಮೋಟಾರ್ ಮ್ಯಾಲೆ ನಡೀರಿ. ಪೊಲೀಸರು ಹಿಡದ್ರ ಹೊಡಸ್ಕೊಂಡ್ ನಡೀರಿ!”

ಮುಂದಿನ ಪಾಳಿಯವನನ್ನು ಮಂಚದಿಂದ ಎಬ್ಬಿಸಿ ತಂದು ಕುರ್ಚಿಯಲ್ಲಿ ಕೂರಿಸುವ ತನಕ ಕಸ್ತೂರಿ ಪರದೆ ಬಿಡಲಿಲ್ಲ. ಆ ಹೊತ್ತಿನಲ್ಲಿ ಜಾಲದ ಮಿಡಿತ ಸರಿಯಾಗಿ ಐವತ್ತರಲ್ಲಿತ್ತು. ಆಮೇಲೆ ಅವಳು ಗೇಟಿಗೆ ಬಂದಳು. ಗೇಟಿನವನು ನಿಯಮ ಓದಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, “ಗೊತ್ತೈತಿ, ತಗೀರಿ,” ಎಂದಳು. ದುರಸ್ತಿ ವಿಭಾಗದ ಜೀಪು ಅಣ್ಣಿಗೇರಿಯವರೆಗೆ ಹೋಗುವುದಿತ್ತು, ಅವಳಿಗಾಗಿ ಬೆಟಗೇರಿಗೆ ಅಂಟಿಕೊಂಡ ಗದಗಿನವರೆಗೂ ಹೋಯಿತು.

ಹಿರೇಕೊಪ್ಪದ ಅಲಾರಂ ಸುಳ್ಳೇ ಆಗಿತ್ತು. ಲೈನ್‌ಮನ್ ಹೋಗಿ, ಟ್ರಾನ್ಸ್‌ಫಾರ್ಮರಿನ ಮೈ ಮುಟ್ಟಿ ನೋಡಿ, ಸಡಿಲವಾಗಿದ್ದ ವೈರು ಬಿಗಿದು ಬಂದ.

ಆಸ್ಪತ್ರೆಗೆ ಕಸ್ತೂರಿ ತಲುಪುವಷ್ಟರಲ್ಲಿ ಚಂಪಾಳನ್ನು ಒಳಗೆ ಒಯ್ದಿದ್ದರು. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯ ತುಂಬ ಹರಡಿತ್ತು. ಒಡೆದಾಗ ಒಳಗಿನ ಒತ್ತಡ ತಗ್ಗುವುದರಿಂದ ನೋವು ಸ್ವಲ್ಪ ಹೊತ್ತು ನಿಂತ ಹಾಗಾಗುತ್ತದೆ ಎಂದು ಡಾಕ್ಟರು ವಿವರಿಸಿದರು. ಅದನ್ನು ಆರಾಮ ಎಂದುಕೊಂಡು ಎಷ್ಟೋ ಜನ ಮನೆಯಲ್ಲಿ ಇರಿಸಿಕೊಳ್ಳುತ್ತಾರೆ ಎಂದೂ ಹೇಳಿದರು. “ನಿನ್ನೆ ತಂದಿದ್ರೆ ಸಣ್ಣ ಆಪರೇಷನ್ ಇತ್ತು. ಈಗ ನೋಡೋಣ.” ಮಾಸ್ಕಿನ ಮೇಲೆ ಕಾಣುತ್ತಿದ್ದ ಕಣ್ಣುಗಳಲ್ಲಿ ನಿದ್ದೆ ಇರಲಿಲ್ಲ. ಅವರು ಹೆಚ್ಚು ಮಾತಾಡದೆ ಒಳಗೆ ಹೋದರು.

ಹೊರಗಿನ ಕಟ್ಟೆಯ ಮೇಲೆ ಶಿವಯೋಗಿ ಅಲ್ಲಮನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ. ಬೆನ್ನಿನ ಮೇಲಿನ ಲಾಠಿಯ ಗುರುತು ಅಂಗಿಯ ಮೇಲೂ ಕಾಣುತ್ತಿತ್ತು.

“ನಿಮಗ ಕಣ್ಣಿರಲಿಲ್ಲೇನು?” ಎಂದಳು ಕಸ್ತೂರಿ. “ಒಂದ್ಸಲ ಕೈ ಇಟ್ಟು ನೋಡಾಕ ಬರತಿರಲಿಲ್ಲೇನು? ಮಗ್ಗದಾಗ ಒಂದ್ ಎಳಿ ಹರದ್ರ ದೂರಿಂದ ಕೇಳಿ ಹೇಳ್ತೀರಿ!”

“ನಿನಗ ಗೊತ್ತೈತಿ ಅಂದ್ಲು.”

“ಅಕೀ ಅಂದ್ಲು, ನೀವು ಕೇಳಿದ್ರಿ!”

“ನೀ ಹೇಳಿದ ಮ್ಯಾಲೆ ನಾ ಯಾವಾಗ ನಡುವ ಬಾಯಿ ಹಾಕೇನಿ?” ಶಿವಯೋಗಿ ತಲೆ ಎತ್ತಲಿಲ್ಲ. “ಬಾಗಲದ ಆಚಿ ನಿಂತಿದ್ನಿ ನಾನು. ಇವತ್ತ ಮುಂಜಾನೆ. ಒಳಗ ನಿನ್ನ ದನಿ ಕೇಳ್ತು. ಪಾಪ ಕಂದಾ, ಆಮ್ಯಾಲೆ ನೋಡೋಣ, ಅಂತ. ಅದು ಡಬ್ಬಿ ಅಂತ ನನಗ ಗೊತ್ತಿಲ್ಲೇನು? ಗೊತ್ತೈತಿ. ಆದ್ರ ದನಿ ನಿಂದು, ಕಸ್ತೂರೀ. ನಿಂತಲ್ಲೇ ನನಗ ಸಮಾಧಾನ ಆತು.”

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಆಮೇಲೆ ಪಕ್ಕದಲ್ಲಿ ಕುಳಿತಳು. ಅಲ್ಲಮನ ಕಾಲುಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

ಚಂಪಾ ಉಳಿದಳು. ಎರಡು ದಿನ ಖಾತ್ರಿ ಇರಲಿಲ್ಲ. ಮೂರನೆಯ ದಿನ ಜ್ವರ ಇಳಿಯಿತು. ಹೊಟ್ಟೆಯ ಬಲಗಡೆ ಕೀವು ಹರಿಯಲು ಹಾಕಿದ್ದ ನಳಿಗೆ ಇನ್ನೂ ಇರುವಾಗಲೇ ಕಸ್ತೂರಿ ದೂರು ಕೊಟ್ಟಳು.

ವಿಚಾರಣೆ ಹುಬ್ಬಳ್ಳಿಯ ಯೋಜನಾ ಕಚೇರಿಯಲ್ಲಿ ನಡೆಯಿತು. ಉದ್ದನೆಯ ಮೇಜು, ದೂರ ದೂರ ಕುರ್ಚಿಗಳು, ಕಿಟಕಿಗಳೆಲ್ಲ ತೆರೆದಿದ್ದವು. ಯೋಜನಾ ನಿರ್ದೇಶಕಿ ಮೇಧಾ ಇನಾಮದಾರ ಎದ್ದು ನಿಂತು ಕಸ್ತೂರಿಯನ್ನೂ ಶಿವಯೋಗಿಯನ್ನೂ ಬರಮಾಡಿಕೊಂಡರು. ಮಗುವಿನ ಆರೋಗ್ಯ ಕೇಳಿದರು. ಆ ಕಾಳಜಿ ನಟನೆ ಆಗಿರಲಿಲ್ಲ. ಅದು ಕಸ್ತೂರಿಗೆ ಇನ್ನಷ್ಟು ಸಿಟ್ಟು ತರಿಸಿತು.

ಎರಡೂ ದಿನಗಳ ಪಾಠದ ಧ್ವನಿಮುದ್ರಿಕೆಯನ್ನು ಹಾಕಿದರು. ಕೋಣೆಯಲ್ಲಿ ಕಸ್ತೂರಿಯ ದನಿ ತುಂಬಿತು. ಸಕ್ಕರೆ ಹಾಕಿದಂಥ ದನಿ. ಜೀವಮಾನದಲ್ಲಿ ಮಗಳನ್ನು ಕಂದಾ ಎಂದು ಕರೆದವಳಲ್ಲ ಅವಳು. ಮೊದಲ ದಿನ ಚಂಪಾ ನಾಲ್ಕು ಸಲ ಹೇಳಿದ್ದಳು. ಎರಡನೆಯ ದಿನ ಆರಂಭದಲ್ಲಿ ಎರಡು ಸಲ ಹೇಳಿ, ಆಮೇಲೆ ಬಿಟ್ಟಿದ್ದಳು. ಲೆಕ್ಕಗಳಿಗೆ ಮಾತ್ರ ಉತ್ತರ ಬರುತ್ತಿತ್ತು, ಪ್ರತಿಯೊಂದರ ನಡುವೆ ಉಸಿರು ಹಿಡಿದ ಒಂದು ಸದ್ದು. ಕೊನೆಗೆ ಕಸ್ತೂರಿಯ ದನಿ ಹೇಳಿತು: “ಇವತ್ತು ನೀನು ಒಂದು ಸಲವೂ ಎದ್ದು ಹೋಗಲಿಲ್ಲ ಕಂದಾ! ನಿನಗೊಂದು ನಕ್ಷತ್ರ!”

ಚಂಪಾಳಿಗೆ ಏಳಲು ಆಗುತ್ತಿರಲಿಲ್ಲ.

“ಇದು ತುಂಬಾ ನೋವಿನ ಸಂಗತಿ,” ಎಂದರು ಮೇಧಾ. “ಆದರೆ ವ್ಯವಸ್ಥೆ ತನಗೆ ಕೊಟ್ಟ ಮಾಹಿತಿಯ ಪ್ರಕಾರವೇ ನಡೆದಿದೆ. ದಯವಿಟ್ಟು ಇದನ್ನೂ ಕೇಳಿ.”

ಈ ಸಲ ಬಂದದ್ದು ನಿಜವಾದ ಕಸ್ತೂರಿಯ ದನಿ. ಗಹಗಹಿಸುವ ನಗು. ಅಯ್ಯ, ಅಕೀದೊಂದ ನಾಟಕ. ಹೊಟ್ಟಿನೋವು! ಪಾಠ ಅಂದಕೂಡ್ಲೆ ಹೊಟ್ಟಿನೋವು, ಮಾವಿನಹಣ್ಣ ಅಂದಕೂಡ್ಲೆ ಆರಾಮ.

ಮೇಜಿನ ಸುತ್ತ ಕುಳಿತಿದ್ದವರು ತಮ್ಮ ಕೈಗಳನ್ನು ನೋಡಿಕೊಂಡರು. ಶಿವಯೋಗಿ ಹೆಂಡತಿಯತ್ತ ತಿರುಗಿದ. ಇದು ಅವನಿಗೆ ಗೊತ್ತಿರಲಿಲ್ಲ.

“ಮತ್ತೊಮ್ಮೆ ಹಾಕ್ರಿ,” ಎಂದಳು ಕಸ್ತೂರಿ.

“ಮೇಡಂ, ನಿಮ್ಮನ್ನು ನೋಯಿಸುವ ಉದ್ದೇಶ...”

“ಹಾಕ್ರಿ.”

ಹಾಕಿದರು.

“ನಗಾಕತ್ತೇನಿ. ಕೇಳಸ್ತೈತಿಲ್ಲ? ನಕ್ಕೋತ ಹೇಳೇನಿ. ನಕ್ಕೋತ ಹೇಳಿದ್ದಕ್ಕೂ ಬರದ ಕೊಟ್ಟಿದ್ದಕ್ಕೂ ಫರಕ ಇಲ್ಲೇನ್ರೀ ನಿಮ್ಮ ಯಂತ್ರಕ್ಕ? ಇರಲಿ, ಯಂತ್ರ. ನಿಮ್ಮ ಹುಡಿಗಿಗೆ? ಅಕೀನೂ ನಕ್ಕಾಳ, ಕೇಳ್ರಿ. ನಿಮ್ಮ ಮನ್ಯಾಗ ನಿಮ್ಮ ತಾಯಿ ಅಂದಿಲ್ಲೇನ್ರೀ ನಿಮಗ, ನಾಟಕ ಮಾಡ್ತಾಳ ಅಂತ?”

“ಎಲ್ಲ ತಾಯಂದಿರೂ ಅನ್ನುತ್ತಾರೆ,” ಎಂದರು ಮೇಧಾ.

“ಹ್ಞಾಂ. ಅಂದು? ಅಂದು ಸುಮ್ನ ಕುಂದರ್ತಾರೇನು? ನಾ ಪ್ರತೀಸಲ ಬೈದೇನಿ. ನಾಟಕದಕೀ, ಏಳು, ಪಾಠಾ ಓದು ಅಂತ. ಬೈಕೋತ ಎಳಕೊಂಡು ಹೊಟ್ಟಿ ಮ್ಯಾಲೆ ಕೈ ಇಟ್ಟು ನೋಡೇನಿ. ಒತ್ತಿ ನೋಡೇನಿ. ಬಾಯಿ ಬೈತಿರ್ತೈತಿ, ಕೈ ನೋಡ್ತಿರ್ತೈತಿ. ಎರಡೂ ಕೂಡಿದ್ರ ಅವ್ವ. ನೀವು ನನ್ನ ಬಾಯಿ ಒಯ್ದ್ರಿ. ಕೈ ಏನ್ ಮಾಡ್ತೈತಿ ಅಂತ ಯಾರೂ ಕೇಳಲೇ ಇಲ್ಲ.”

ಮೇಧಾ ತಮ್ಮ ಮುಂದಿದ್ದ ಕಡತ ತೆರೆದರು. ಆಮೇಲೆ ಅಂಕಿಗಳನ್ನು ಹೇಳಿದರು. ಅಂಕಿಗಳು ತಪ್ಪಾಗಿರಲಿಲ್ಲ. ಪಾಠದ ಹೊತ್ತಿನಲ್ಲಿ ಮಕ್ಕಳು ಹೇಳುವ ಹೊಟ್ಟೆನೋವು ನೂರಕ್ಕೆ ತೊಂಬತ್ತಾರು ಸಲ ನೆಪವೇ ಎಂದು ಮೊದಲ ತಿಂಗಳ ಪರಿಶೀಲನೆಯಲ್ಲಿ ಕಂಡುಬಂದಿತ್ತು. ಅದರ ಆಧಾರದ ಮೇಲೆಯೇ ನಿಯಮ ಬರೆದಿದ್ದರು.

“ಉಳಿದ ನಾಕು?” ಎಂದಳು ಕಸ್ತೂರಿ.

“ಹಾಗೆ ನೋಡಿದರೆ...”

“ಉಳಿದ ನಾಕು ಗೊತ್ತಿತ್ತು ನಿಮಗ. ತಪ್ಪಿ ಬಿಟ್ಟಿಲ್ಲ. ಎಣಿಸಿ ಬಿಟ್ಟೀರಿ.”

“ಪ್ರತಿ ದೂರಿಗೂ ಒಬ್ಬ ಮನುಷ್ಯನನ್ನು ಕೂರಿಸುವಷ್ಟು ಜನ ನಮ್ಮಲ್ಲಿಲ್ಲ ಮೇಡಂ. ಲಕ್ಷಾಂತರ ಮಕ್ಕಳು.”

“ಜನ ನೀವು ಕೂಡ್ರಸಬೇಕಾಗಿರಲಿಲ್ಲ. ಅಲ್ಲೇ ನಿಂತಿದ್ರು. ಬಾಗಲದ ಆಚಿ.” ಅವಳು ಶಿವಯೋಗಿಯ ಕಡೆ ಕೈ ಮಾಡಿದಳು. ಆಸ್ಪತ್ರೆಯ ಕಟ್ಟೆಯ ಮೇಲೆ ಆಡಿದ್ದ ಮಾತು ಇಬ್ಬರಿಗೂ ನೆನಪಿತ್ತು. “ಒಂದ್ ಗಂಟಿ ಬಾರಿಸಿದ್ರ ಸಾಕಿತ್ತು ನಿಮ್ಮ ಡಬ್ಬಿ. ಬಾರಸ್ತಿತ್ತು ಮೊದಲ. ನಿಮ್ಮ ಅಂಕಾ ಬೀಳ್ತಾವಂತ ಬಂದ್ ಮಾಡಿಸಿದ್ರಿ. ಬಾಗಲಾ ಹಾಕಿಸಿದ್ರಿ. ಮ್ಯಾಲೆ ಅಕೀಗೆ ನನ್ನ ದನೀಲೆ ಹೇಳಿದ್ರಿ, ನೋಡೋಣ ಅಂತ. ಹಂಗ ಹೇಳಿರಲಿಲ್ಲ ಅಂದ್ರ ಅಪ್ಪ ಕರದಾಗ ಹೋಗಿ ಹೊಟ್ಟಿ ತೋರಸ್ತಿದ್ಲು. ಅವ್ವಗ ಗೊತ್ತೈತಿ ಅಂತ ಎರಡ ದಿನಾ ತಡಕೊಂಡ್ ಕುಂತಾಳ ನನ್ನ ಮಗಳು.”

ಅವಳ ದನಿ ಒಡೆಯಲಿಲ್ಲ. ಒಡೆಯುತ್ತದೆ ಎಂದು ಕಾಯುತ್ತಿದ್ದವರಿಗೆ ಅದು ಕಷ್ಟವಾಯಿತು.

ವಿಚಾರಣೆಯ ಸಮಿತಿ ಒಂದು ಪರಿಹಾರ ಮುಂದಿಟ್ಟಿತು. ಆಕೆಯ ಮನೆಯ ಡಬ್ಬಿಯನ್ನು ವಿಶೇಷವಾಗಿ ತಿದ್ದಿ ಕೊಡುವುದು. ಇನ್ನೊಂದು ತಾಸು ದನಿ ಕೊಟ್ಟರೆ ಎಚ್ಚರಿಕೆಯ ಮಾತುಗಳನ್ನೂ ಆಕೆಯದೇ ದನಿಯಲ್ಲಿ ಸೇರಿಸುವುದು. ಕಸ್ತೂರಿ ಚೀಲದಿಂದ ಡಬ್ಬಿಯನ್ನು ತೆಗೆದು ಮೇಜಿನ ಮೇಲೆ ಇಟ್ಟಳು.

“ಕೊಟ್ಟಿದ್ದನ್ನ ಅಳಸ್ರಿ,” ಎಂದಳು. “ಇಲ್ಲೇ ಕುಂದರ್ತೇನಿ.”

ಅಳಿಸಿದರು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಒಳವಾಸ ಮುರಿದದ್ದಕ್ಕೆ ಕೇಂದ್ರದವರು ಕಸ್ತೂರಿಯನ್ನು ಸೋಂಕು ಇಳಿಯುವವರೆಗೆ ಮನೆಯಲ್ಲೇ ಇರಲು ಹೇಳಿದ್ದರು. ಚಂಪಾ ಆಸ್ಪತ್ರೆಯಿಂದ ಮನೆಗೆ ಬಂದ ಮರುವಾರ, ಬೆಳಿಗ್ಗೆ ಪಾಠದ ಹೊತ್ತಿಗೆ ಕಸ್ತೂರಿ ಅಡುಗೆಮನೆಯ ಕಟ್ಟೆಯ ಕೆಳಗೆ ಚಾಪೆ ಹಾಸಿ, ಹಸಿ ಕಡಲೆಯ ಸಿ‌ಪ್ಪೆ ಸುಲಿಯುತ್ತ ಕುಳಿತಳು. ಅಲ್ಲಮ ಸುಲಿದ ಕಾಳುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

“ಬಾ. ಇಪ್ಪತ್ತು ಕಾಳು ಅದಾವು. ನಿನ್ನ ತಮ್ಮ ಆರು ನುಂಗಿದ. ಎಷ್ಟುಳದ್ವು?”

ಚಂಪಾ ಬಾಗಿಲಲ್ಲೇ ನಿಂತಿದ್ದಳು. ಮನೆಗೆ ಬಂದಾಗಿನಿಂದ ಅವಳು ಅವ್ವನ ಮಾತಿಗೆ ನೇರ ಉತ್ತರ ಕೊಡುತ್ತಿರಲಿಲ್ಲ. ಅಪ್ಪ ಕೇಳಿದರೆ ಹೇಳುತ್ತಿದ್ದಳು. ಅವ್ವ ಕೇಳಿದರೆ ಅವ್ವನ ಬಾಯಿಯನ್ನು ನೋಡುತ್ತಿದ್ದಳು, ತುಟಿಗಳು ಅಲ್ಲಾಡುತ್ತವೆಯೋ ಇಲ್ಲವೋ ಎಂಬಂತೆ.

“ನೀ ಖರೇ ಅವ್ವಾ ಏನು?” ಎಂದಳು.

ಕಸ್ತೂರಿಯ ಕೈ ನಿಂತಿತು. “ಮತ್ತ ಯಾರು?”

“ಹಂಗಾರ ಬೈ.”

“ಏನು?”

“ಬೈ ನೋಡೂಣು. ಅಕೀ ಬೈತಿರಲಿಲ್ಲ.”

ಅಷ್ಟು ವರ್ಷ ಉಸಿರಾಡಿದಷ್ಟು ಸಲೀಸಾಗಿ ಬಂದ ಬೈಗುಳಗಳಲ್ಲಿ ಒಂದೂ ಕಸ್ತೂರಿಗೆ ನೆನಪಾಗಲಿಲ್ಲ. ಅಷ್ಟರಲ್ಲಿ ಅಲ್ಲಮ ಬುಟ್ಟಿಗೇ ಕೈ ಹಾಕಿದ, ಬುಟ್ಟಿ ಮಗುಚಿ ಕಡಲೆ ನೆಲದ ತುಂಬ ಚೆಲ್ಲಿತು.

“ಏ ಬಕಾಸುರಾ!” ಎಂದು ಅವಳು ಕೂಗಿದಳು. “ಮತ್ತ ನೀ ಏನ್ ಕಂಬಾ ನಿಂತಂಗ ನಿಂತೀ ಅಲ್ಲೆ ನಾಟಕದಕೀ? ಬಾ ಇಲ್ಲೆ, ಆರಸು! ಬಗ್ಗಬ್ಯಾಡ, ಬಗ್ಗಬ್ಯಾಡ, ಹೊಲಗಿ ಅದಾವು! ಕುಂತ ಆರಸು!”

ಚಂಪಾ ಬಂದು ಕುಳಿತಳು. ಅವ್ವನ ಕೈ ಹಿಡಿದು ತನ್ನ ಹೊಟ್ಟೆಯ ಬಲಗಡೆ, ಹೊಲಿಗೆಯ ಪಕ್ಕದಲ್ಲಿ ಇಟ್ಟುಕೊಂಡಳು.

“ನೋಸ್ತೈತೇನು?” ಎಂದಳು ಕಸ್ತೂರಿ.

“ಇಲ್ಲ,” ಎಂದಳು ಚಂಪಾ. “ಹದಿನಾಕು.”

ಮುಂದಿನ ತಿಂಗಳು ಮನೆದನಿ ಯೋಜನೆಗೆ ಒಂದು ತಿದ್ದುಪಡಿ ಬಂತು. ನೆಪಗಳ ಸಾಲಿನಿಂದ ಹೊಟ್ಟೆನೋವನ್ನು ತೆಗೆದರು. ತಲೆನೋವು ಹಾಗೇ ಉಳಿಯಿತು.